ಮುಲುಂಡ್ ಹಾಲ್‌ನ ಬಾಸ್ ಕೆಲಸ: 80 ಹರ್ಟ್ಜ್‌ನ ಗುಂಡಿ ಮುಚ್ಚಿದ್ದು

ಮುಂಬೈನ ಮುಲುಂಡ್‌ನ ಮನೆಯ ಹಾಲ್‌ನಲ್ಲಿ ಹೋಮ್ ಥಿಯೇಟರ್‌ನ ವೈರಿಂಗ್ ಮುಗಿದಿದೆ. ಈ ಹಂತದಲ್ಲಿ ಸಬ್‌ವೂಫರ್‌ನ (ಬಾಸ್ ನುಡಿಸುವ ಸ್ಪೀಕರ್, ಮುಂದೆ ಬರೀ ಸಬ್) ಜಾಗ, ಕ್ರಾಸ್‌ಓವರ್ (ಯಾವ ಹರ್ಟ್ಜ್‌ನಿಂದ ಕೆಳಗಿನ ಸದ್ದು ಸಬ್‌ಗೆ ಹೋಗಬೇಕೆಂಬ ಗಡಿ) ಮತ್ತು ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವ ಡಿಸ್ಟೆನ್ಸ್ ಸೆಟಿಂಗ್ (ಸ್ಪೀಕರ್‌ಗಳ ದೂರ ನೋಡಿ ಎಲ್ಲದರ ಸದ್ದನ್ನು ಒಂದೇ ಹೊತ್ತಿಗೆ ಕಿವಿಗೆ ತಲುಪಿಸುವುದು).

ಹಾಲ್ 4.6 ಮೀಟರ್ ಉದ್ದ, 3.2 ಅಗಲ, 2.8 ಎತ್ತರ. ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬ್, ಕೆಳಗೆ ವಿಟ್ರಿಫೈಡ್ ಟೈಲ್ಸ್. ಬಾಸ್ ಹೀರಿಕೊಳ್ಳುವಂಥದ್ದು ಏನೂ ಇಲ್ಲ. ಶಬ್ದದ ವೇಗವನ್ನು (ಸೆಕೆಂಡಿಗೆ ಸುಮಾರು 345 ಮೀಟರ್) ಉದ್ದದ ಎರಡರಷ್ಟರಿಂದ ಭಾಗಿಸಿದರೆ 37.5 ಹರ್ಟ್ಜ್. ಅಗಲಕ್ಕೆ 54, ಎತ್ತರಕ್ಕೆ 62. ಕೋಣೆ ಗುಂಯ್ ಎನ್ನುವುದು ಈ ಜಾಗಗಳಲ್ಲೇ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ 37 ಉಬ್ಬುತ್ತದೆ, ಹಾಲ್‌ನ ನಟ್ಟನಡುವೆ ಇಟ್ಟರೆ ಅದೇ 37 ಮಾಯ. ಗೋಡೆಯಿಂದ 60 ಸೆಂ.ಮೀ. ಮುಂದೆ ಎಳೆದದ್ದು ರಾಜಿ. ಅದಕ್ಕಿಂತ ಮುಂದೆ ಬಂದರೆ ಬಾಲ್ಕನಿಗೆ ದಾರಿ ಇಲ್ಲ.

ಸಬ್‌ಗೆ ಜಾಗ ಹುಡುಕಲು ಅದನ್ನೇ ಸೋಫಾ ಮೇಲೆ ಕೂರಿಸಿ, ಮೈಕನ್ನು ನೆಲದ ಹತ್ತಿರ ಗೋಡೆಗುಂಟ ಅರ್ಧರ್ಧ ಮೀಟರ್ ಸರಿಸುತ್ತ ಆರ್‌ಇಡಬ್ಲ್ಯೂ ಎಂಬ ಅಳತೆಯ ಸಾಫ್ಟ್‌ವೇರ್‌ನಲ್ಲಿ 20ರಿಂದ 120 ಹರ್ಟ್ಜ್‌ವರೆಗೆ ಸ್ವೀಪ್ (ಮೆಲ್ಲಗೆ ಏರುವ ಪರೀಕ್ಷೆಯ ಸದ್ದು) ತೆಗೆದದ್ದಾಯಿತು. ಮೂಲೆಯಲ್ಲಿ ಸದ್ದು ಜೋರು, ಆದರೆ ಗ್ರಾಫ್ ಘಾಟಿಯ ರಸ್ತೆಯ ಹಾಗೆ. ಟಿವಿ ಗೋಡೆಯಲ್ಲಿ ಮೂಲೆಯಿಂದ ಸುಮಾರು ಒಂದು ಮೀಟರ್ ಈಚೆ ಸಮವಾಗಿತ್ತು. ಅಲ್ಲೇ ಇಟ್ಟಿದೆ.

ರಿಸೀವರ್‌ನ (ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಆಟೋ ಕ್ಯಾಲಿಬ್ರೇಶನ್, ಅಂದರೆ ತಾನೇ ಅಳೆದು ಹೊಂದಿಸಿಕೊಳ್ಳುವ ಕ್ರಮ, ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ (ಬಾಸ್ ಪೂರ್ತಿ ನುಡಿಸಬಲ್ಲವು) ಎಂದು ಬರೆದುಕೊಂಡಿತ್ತು. ಗೋಡೆ ಹತ್ತಿರವಿದ್ದರೆ ಬಾಸ್ ಹೆಚ್ಚು ಕಂಡು ರಿಸೀವರ್ ಮೋಸ ಹೋಗುತ್ತದೆ. ಇವು 5 ಇಂಚಿನ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗಳು, 60 ಹರ್ಟ್ಜ್‌ನ ಕೆಳಗೆ ಉಸಿರಿಲ್ಲ. ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ 80. ಹಿಂದಿನ ಪುಟ್ಟ ಸ್ಪೀಕರ್‌ಗಳಿಗೆ 110. ಅದಕ್ಕೂ ಮೇಲೆ ಹೋದರೆ ಗಂಡಸರ ಮಾತು ಸಬ್ ಇರುವ ಕಡೆಯಿಂದ ಬಂದ ಹಾಗೆ ಕೇಳುತ್ತದೆ. ಎಲ್‌ಎಫ್‌ಇಯ (ಸಿನಿಮಾ ಧ್ವನಿಯಲ್ಲಿ ಬಾಸ್‌ಗೆಂದೇ ಇರುವ ಚಾನೆಲ್) ಲೋ-ಪಾಸ್, ಅಂದರೆ ಮೇಲಿನ ಮಿತಿ, 120. ಸಬ್‌ನ ಹಿಂಬದಿಯ ಕ್ರಾಸ್‌ಓವರ್ ನಾಬ್ ಪೂರ್ತಿ ಮೇಲಕ್ಕೆ, ಇಲ್ಲದಿದ್ದರೆ ಒಂದರ ಮೇಲೊಂದು ಎರಡು ಫಿಲ್ಟರ್ ಬೀಳುತ್ತವೆ. ಮುಂದಿನ ಸ್ಪೀಕರ್‌ಗಳ ಬಾಸನ್ನು ಅವಕ್ಕೂ ಸಬ್‌ಗೂ ಎರಡೂ ಕಡೆ ಕಳಿಸುವ ‘ಎಲ್‌ಎಫ್‌ಇ+ಮೇನ್’ ಬೇಡವೇ ಬೇಡ.

ಇಷ್ಟಾದರೂ ಸೆಂಟರ್ (ಟಿವಿ ಬಳಿಯ ಮಾತಿನ ಸ್ಪೀಕರ್) ಮತ್ತು ಸಬ್ ಒಟ್ಟಿಗೆ ನುಡಿದಾಗ 70–95 ಹರ್ಟ್ಜ್ ನಡುವೆ ಗ್ರಾಫಿನಲ್ಲಿ ಆಳದ ಗುಂಡಿ, ಅಂದರೆ ಅಲ್ಲಿ ಸದ್ದು ಕುಸಿಯುತ್ತದೆ. ಬೇರೆ ಬೇರೆ ನುಡಿಸಿದರೆ ಎರಡೂ ಸರಿ. ಅಂದರೆ ಫೇಸ್ (ಎರಡರ ಅಲೆಗಳ ಏರಿಳಿತದ ಹೊಂದಿಕೆ) ತಪ್ಪಿದೆ, ಒಂದನ್ನೊಂದು ಅಳಿಸುತ್ತಿವೆ. ಈಕ್ವಲೈಸರ್‌ನಿಂದ ಇದನ್ನು ತುಂಬಲು ಹೋಗಬಾರದು: 10 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್‌ಗೆ ಹತ್ತು ಪಟ್ಟು ಹೊರೆ, ಗುಂಡಿ ಹಾಗೇ ಇರುತ್ತದೆ.

ಮದ್ದು ಡಿಸ್ಟೆನ್ಸ್‌ನಲ್ಲಿದೆ. ಟೇಪ್ ಹಿಡಿದರೆ ಸಬ್ 2.9 ಮೀಟರ್ ದೂರ, ರಿಸೀವರ್ ತೋರಿಸಿದ್ದು 4.5. ಇದು ದೋಷವಲ್ಲ, ಸಬ್‌ನೊಳಗಿನ ಡಿಜಿಟಲ್ ಸರ್ಕ್ಯೂಟ್ ಮಾಡುವ ತಡ, 1.6 ಮೀಟರ್ ಎಂದರೆ 4.6 ಮಿಲಿಸೆಕೆಂಡ್. ಟೇಪಿನ ಲೆಕ್ಕಕ್ಕೆ ‘ತಿದ್ದಿದರೆ’ ಕೆಲಸ ಕೆಟ್ಟಿತು. 4.5ರಿಂದಲೇ ಶುರು ಮಾಡಿ, ಸಬ್‌ನ ಫೇಸ್ ಸ್ವಿಚ್ 180ಕ್ಕೆ ತಿರುಗಿಸಿ, ಸೆಂಟರ್ ಜೊತೆ ನುಡಿಸಿ, ಡಿಸ್ಟೆನ್ಸನ್ನು 30 ಸೆಂ.ಮೀ.ನಂತೆ ಬದಲಿಸುತ್ತ 80ರಲ್ಲಿ ಗುಂಡಿ ಅತಿ ಆಳವಾಗುವವರೆಗೆ ಹೋಗಬೇಕು. ಉಬ್ಬಿಗಿಂತ ಗುಂಡಿಯ ತಳ ಗ್ರಾಫಿನಲ್ಲಿ ಚೂಪಾಗಿ ಕಾಣುತ್ತದೆ, ಅದಕ್ಕೇ ಈ ತಿರುವುಮುರುವು. ಆಮೇಲೆ ಸ್ವಿಚ್ ಮತ್ತೆ ಸೊನ್ನೆಗೆ, ಆಗ ಅಳಿಸುತ್ತಿದ್ದ ಅಲೆಗಳೇ ಕೂಡಿಕೊಳ್ಳುತ್ತವೆ. ಇಲ್ಲಿ 5.1 ಮೀಟರ್‌ಗೆ ಕೂತಿತು. ಗುಂಡಿಯಲ್ಲಿ ಉಳಿದದ್ದು 2 ಡೆಸಿಬೆಲ್.

ಹಮ್ (ಬಿಡದೆ ಕೇಳುವ ಗುಂಯ್ ಸದ್ದು) ಕೂಡ ಇತ್ತು. ಸೆಟ್‌ಟಾಪ್ ಬಾಕ್ಸಿನ ಕೋಆಕ್ಸ್ (ಡಿಶ್‌ನ ಕೇಬಲ್) ಬಿಚ್ಚಿದ ಕೂಡಲೇ ನಿಂತಿತು, ಸೊಸೈಟಿಯ ಡಿಶ್ ಲೈನಿನ ಗ್ರೌಂಡ್ ಲೂಪ್ (ಎರಡು ಕಡೆ ಅರ್ತ್ ಆಗಿ ನಡುವೆ ಕರೆಂಟ್ ಹರಿಯುವುದು). ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ ಆ ಹರಿವನ್ನು ತಡೆಯುವ ಕೋಆಕ್ಸ್ ಐಸೊಲೇಟರ್ ತರಬೇಕು. ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಸಲಹೆ ಕೊಡುವವರನ್ನು ದೂರವಿಡಿ.

ಉಳಿದಿರುವುದು ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿ. ನಿಧಾನದ ಸ್ವೀಪ್‌ನಲ್ಲಿ 43 ಹರ್ಟ್ಜ್ ಬಂದಾಗ ಅದರ ಪಟ್ಟಿ ಟರ್ರ್ ಅನ್ನುತ್ತದೆ. ಟ್ರ್ಯಾಕ್‌ನ ಉಲ್ಲನ್ ಬ್ರಷ್ ಪಟ್ಟಿ ಸವೆದಿದೆ, ಹೊಸದು ಹಾಕಬೇಕು.