ದಾಂಡೇಲಿ ಪೇಪರ್ ಷೇರಿಗೆ ಎಷ್ಟು ರಿಟರ್ನ್ ಕೇಳಬೇಕು? ಲೆಕ್ಕ ಇಲ್ಲಿಯವರೆಗೆ ಬಂತು

ಶಿರಸಿಯ ಮಳೆಗಾಲ ಇಂಥ ಕೆಲಸಕ್ಕೆ ಒಳ್ಳೆಯ ಸಮಯ. ಷೇರು ಬಂಡವಾಳದ ವೆಚ್ಚ, ಅಂದರೆ ಷೇರುದಾರರು ಕೇಳಬೇಕಾದ ರಿಟರ್ನ್, ಲೆಕ್ಕ ಹಾಕುವ ನನ್ನ ಸ್ಪ್ರೆಡ್‌ಶೀಟ್ ಈಗ ಒಂದು ಹದಕ್ಕೆ ಬಂದಿದೆ. ಮೊದಲ ಕಂಪನಿ ನಮ್ಮ ಜಿಲ್ಲೆಯದ್ದೇ: 1955ರಲ್ಲಿ ಹುಟ್ಟಿದ, ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್. ಷೇರು ಇಟ್ಟುಕೊಂಡವರು ಎಫ್‌ಡಿಗಿಂತ ಜಾಸ್ತಿ ಬರಬೇಕು ಅನ್ನುತ್ತಾರೆ. ಎಷ್ಟು ಜಾಸ್ತಿ ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಸಿಎಪಿಎಂ, ಅಂದರೆ ಅಪಾಯಕ್ಕೆ ತಕ್ಕ ರಿಟರ್ನ್ ಎಷ್ಟು ಅಂತ ಹೇಳುವ ಸೂತ್ರ. ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1964ರಲ್ಲಿ ಬರೆದದ್ದು, 1990ರಲ್ಲಿ ನೊಬೆಲ್ ಸಿಕ್ಕಿದ್ದು. ಸರ್ಕಾರಿ ಬಾಂಡ್ ಬಡ್ಡಿಗೆ, ಬೀಟಾದಿಂದ ಗುಣಿಸಿದ ಮಾರುಕಟ್ಟೆ ಪ್ರೀಮಿಯಂ ಕೂಡಿಸಬೇಕು. ಪ್ರೀಮಿಯಂ ಅಂದರೆ ಬಾಂಡ್‌ಗಿಂತ ಷೇರು ಮಾರುಕಟ್ಟೆಯಿಂದ ನಿರೀಕ್ಷಿಸುವ ಹೆಚ್ಚುವರಿ ರಿಟರ್ನ್; ಬೀಟಾ ಅಂದರೆ ಮಾರುಕಟ್ಟೆ ಅಲುಗಿದಾಗ ಈ ಷೇರು ಎಷ್ಟು ಅಲುಗುತ್ತದೆ ಅನ್ನುವ ಅಳತೆ. ಷೇರಿನ ತಿಂಗಳ ರಿಟರ್ನ್ ಒಂದು ಕಾಲಮ್, ನಿಫ್ಟಿಯದ್ದು ಇನ್ನೊಂದು, ಸ್ಲೋಪ್ ಫಂಕ್ಷನ್ ಹಾಕಿದರೆ ಬೀಟಾ ಬಂತು.

ಪಕ್ಕದಲ್ಲಿ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ತಪ್ಪಿರಬಹುದು ಅನ್ನುವ ಅಳತೆ) ಕಾಲಮ್ ಸೇರಿಸಿದಾಗ ಕಥೆ ಬದಲಾಗುತ್ತದೆ. ಬೀಟಾ 1.1, ಎರರ್ 0.25 ಅಂತ ಇಟ್ಟುಕೊಳ್ಳಿ. ನಿಜವಾದ ಬೀಟಾ 0.6 ಇರಬಹುದು, 1.6 ಕೂಡ ಇರಬಹುದು. ಬಾಂಡ್ ಬಡ್ಡಿ ಶೇ. 7, ಪ್ರೀಮಿಯಂ ಶೇ. 6 ಆದರೆ ಉತ್ತರ ಶೇ. 10.6ರಿಂದ 16.6ರವರೆಗೆ ಹಬ್ಬುತ್ತದೆ. ಬೀಟಾದ ಎರರ್ ತಗ್ಗಿಸಲು ತಿಂಗಳ ಬದಲು ವಾರದ ಬೆಲೆ ತೆಗೆದುಕೊಂಡೆ. ಸಣ್ಣ ಕಂಪನಿಗಳಲ್ಲಿ ವಹಿವಾಟು ಕಡಿಮೆ, ಬೆಲೆ ತಡವಾಗಿ ಅಲುಗುತ್ತದೆ, ಬೀಟಾ ಸುಮ್ನೆ ಕಡಿಮೆ ಕಾಣುತ್ತದೆ. ಅದಕ್ಕೇ ದಿನದ ಬೆಲೆಗೆ ಹೋಗಲಿಲ್ಲ.

ಆದರೆ ಪ್ರೀಮಿಯಂಗೆ ಈ ಉಪಾಯ ನಡೆಯುವುದಿಲ್ಲ. ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1980ರಲ್ಲೇ ತೋರಿಸಿದ್ದಾರೆ: ಸರಾಸರಿ ರಿಟರ್ನ್ ನಿಖರವಾಗಲು ವರ್ಷಗಳು ಬೇಕು, ಬೆಲೆಗಳನ್ನು ಪದೇ ಪದೇ ನೋಡಿದರೆ ಆಗುವುದಿಲ್ಲ. ವರ್ಷದ ಏರಿಳಿತ ಶೇ. 20 ಇದ್ದರೆ, 25 ವರ್ಷದ ದಾಖಲೆ ಇದ್ದರೂ ಸರಾಸರಿಯ ಎರರ್ ಶೇ. 4. ಶೇ. 6ರ ಪ್ರೀಮಿಯಂ ಮುಂದೆ ಇದು ಸಣ್ಣ ಮೊತ್ತ ಅಲ್ಲ, ಅಲ್ವಾ? ಇಷ್ಟಾದ ಮೇಲೂ 12.37 ಅಂತ ದಶಾಂಶ ಹಾಕಿ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಹಾಗಾಗಿ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುವ ಶೀಟನ್ನೂ ಮಾಡಿದೆ. ಷೇರು 500 ರೂಪಾಯಿ, ಮುಂದಿನ ವರ್ಷದ ಡಿವಿಡೆಂಡ್ 10, ಬೆಳವಣಿಗೆ ಶೇ. 9 ಅಂದರೆ ನಿರೀಕ್ಷಿತ ರಿಟರ್ನ್ ಶೇ. 11. ಬೆಳವಣಿಗೆಯ ಊಹೆ ಒಂದು ಹೆಚ್ಚಾದರೆ ಉತ್ತರವೂ ಒಂದು ಹೆಚ್ಚು. ಪೇಪರ್ ಧಂದೆಯಲ್ಲಿ ಒಂದು ವರ್ಷ ಲಾಭ ಉಕ್ಕುತ್ತದೆ, ಮತ್ತೊಂದು ವರ್ಷ ಕುಸಿಯುತ್ತದೆ. ಅದಕ್ಕೆ ಪುಸ್ತಕ ಮೌಲ್ಯದಿಂದ (ಲೆಕ್ಕಪತ್ರದಲ್ಲಿ ಆಸ್ತಿಯಿಂದ ಸಾಲ ಕಳೆದು ಉಳಿಯುವುದು) ಶುರು ಮಾಡುವ ಮಾದರಿ ನನಗೆ ಹೆಚ್ಚು ಇಷ್ಟ. ಕಂಪನಿಯ ಆರ್‌ಒಇ (ಷೇರುದಾರರ ಬಂಡವಾಳದ ಮೇಲೆ ಬರುವ ಲಾಭದ ಪ್ರಮಾಣ) ನಿಧಾನಕ್ಕೆ ಉದ್ಯಮದ ಮಟ್ಟಕ್ಕೆ ಇಳಿಯುತ್ತದೆ ಅಂತ ಇಟ್ಟುಕೊಂಡು, ಬೆಲೆಗೆ ಹೊಂದುವ ದರವನ್ನು ಸ್ಪ್ರೆಡ್‌ಶೀಟಿನ ಗೋಲ್ ಸೀಕ್ ಸೌಲಭ್ಯ ಹುಡುಕುತ್ತದೆ. ಅನಲಿಸ್ಟ್‌ಗಳ ಅಂದಾಜು ಹಾಕಲಿಲ್ಲ. ಅವರ ಉತ್ಸಾಹ ಜಾಸ್ತಿಯಾದಷ್ಟೂ ದರ ಮೇಲೆ ಹೋಗುತ್ತದೆ. ಬದಲಿಗೆ ಒಳ್ಳೆಯ, ಕೆಟ್ಟ ವರ್ಷಗಳೆರಡೂ ಸೇರಿದ ಸರಾಸರಿ ಆರ್‌ಒಇ ಹಾಕಿದೆ.

ಮುಂದೆ ಬೇರೆ ಪೇಪರ್ ಕಂಪನಿಗಳಾದ ಜೆಕೆ ಪೇಪರ್, ಶೇಷಸಾಯಿ, ಟಿಎನ್‌ಪಿಎಲ್ ಬೀಟಾಗಳಿಂದ ಸಾಲದ ಪರಿಣಾಮ ತೆಗೆದು ಸರಾಸರಿ ನೋಡಬೇಕು. 2019ರಲ್ಲಿ ಆಂಧ್ರ ಪೇಪರ್ ದಾಂಡೇಲಿ ಕಂಪನಿಯ ಕೈಗೆ ಬಂತು. ಅದಕ್ಕೂ ಹಿಂದಿನ ಬೆಲೆಗಳನ್ನು ಬೇರೆ ಶೀಟಿನಲ್ಲಿ ಇಡುತ್ತೇನೆ.