ಎರಡು ಜನಗಣತಿಗಳ ನಡುವಿನ ದಾರಿ

ಹತ್ತೊಂಬತ್ತನೇ ಶತಮಾನದ ಅಮೆರಿಕದ ಒಂದು ರೈತ ಮನೆತನ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹುಡುಕುವವರು ಕೊನೆಯ ಊರಿನಿಂದ ಶುರು ಮಾಡಿ ಹಿಂದಕ್ಕೆ ಸಾಗಬೇಕು. ಚಾರ್ಲ್ಸ್ ಇಂಗಲ್ಸ್ ಕುಟುಂಬದ ಮಟ್ಟಿಗೆ ಆ ಕೊನೆಯ ಊರು ಸೌತ್ ಡಕೋಟದ ಡಿ ಸ್ಮೆಟ್. ಇವರ ಎರಡನೇ ಮಗಳು ಲಾರಾ ಮುಂದೆ ಬರಹಗಾರ್ತಿಯಾಗಿ ಹೆಸರು ಮಾಡಿದ್ದರಿಂದ ಇವರು ಬಾಳಿದ ಊರುಗಳೆಲ್ಲ ಗುರುತಾಗಿವೆ, ಮನೆಯ ಹುಟ್ಟುಸಾವುಗಳ ತಾರೀಖು ಗೊತ್ತಿವೆ. ಜನಗಣತಿಯ ಹಾಳೆ ಏನನ್ನು ಹೇಳುತ್ತದೆ, ಏನನ್ನು ನುಂಗಿಹಾಕುತ್ತದೆ ಎಂದು ತಾಳೆ ನೋಡಲು ಇಂಥ ಮನೆತನ ಇನ್ನೊಂದು ಸಿಗುವುದು ಕಷ್ಟ.

ಸೂ ಫಾಲ್ಸ್‌ನಲ್ಲಿ ಇಳಿದು ಕಾರು ಬಾಡಿಗೆಗೆ ಹಿಡಿದರೆ ಎರಡು ತಾಸಿನೊಳಗೆ ಡಿ ಸ್ಮೆಟ್. ಹೋಗುವ ಕಾಲ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಚಳಿಗಾಲದಲ್ಲಿ ಇಲ್ಲಿನ ಮ್ಯೂಸಿಯಂಗಳು ಬಹುಪಾಲು ಮುಚ್ಚಿರುತ್ತವೆ, ಜಲ್ಲಿ ರಸ್ತೆಗಳನ್ನು ನಂಬುವಂತಿಲ್ಲ. ವಾರಾಂತ್ಯವನ್ನು ಊರು ನೋಡುವುದಕ್ಕೂ ವಾರದ ದಿನಗಳನ್ನು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕಚೇರಿಗಳಿಗೂ ಇಟ್ಟುಕೊಳ್ಳಿ. ಜಮೀನಿನ ಪುಸ್ತಕಗಳು ಶನಿವಾರ, ಭಾನುವಾರ ತೆರೆಯುವುದಿಲ್ಲ.

ಜನಗಣತಿಯ ಹಾಳೆಗಳನ್ನು ಮಾತ್ರ ಮನೆಯಲ್ಲೇ ಓದಿ ಮುಗಿಸಿರಬೇಕು. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಮೂಲ ಹಾಳೆಗಳ ಚಿತ್ರ ಪುಕ್ಕಟೆಯಾಗಿ ಸಿಗುತ್ತದೆ. 1880ರ ಹಾಳೆಯನ್ನು ‘ಸೌತ್ ಡಕೋಟ’ ಎಂದು ಹುಡುಕಿ ಕೈಸೋಲುವವರು ಬಹಳ. ಆ ರಾಜ್ಯ ಹುಟ್ಟಿದ್ದೇ 1889ರ ನವೆಂಬರ್‌ನಲ್ಲಿ. 1880ರಲ್ಲಿ ಅದು ಡಕೋಟ ಟೆರಿಟರಿ, ಕಿಂಗ್ಸ್‌ಬರಿ ಕೌಂಟಿ. ಕೌಂಟಿಗಳ ಗಡಿಯೂ ಮೇಲಿಂದ ಮೇಲೆ ಬದಲಾಗುತ್ತಿತ್ತು. ಶಿಕಾಗೋದ ನ್ಯೂಬೆರಿ ಗ್ರಂಥಾಲಯದ ಗಡಿ ನಕಾಶೆಯಲ್ಲಿ ಆಯಾ ವರ್ಷದ ಗೆರೆ ನೋಡಿಕೊಂಡೇ ಹುಡುಕಾಟಕ್ಕೆ ಕೂರಬೇಕು.

1880ರ ಹಾಳೆಯಲ್ಲಿ ಹಿಂದಿನ ಗಣತಿಗಳಲ್ಲಿ ಇಲ್ಲದ ಎರಡು ವಿಷಯಗಳಿವೆ. ಮನೆ ಯಜಮಾನನಿಗೆ ಪ್ರತಿಯೊಬ್ಬರೂ ಏನಾಗಬೇಕು ಎಂಬುದು ಒಂದು, ತಂದೆತಾಯಿ ಹುಟ್ಟಿದ ಜಾಗ ಇನ್ನೊಂದು. ಕುರುಡು, ಕಿವುಡು ಮುಂತಾದವಕ್ಕೂ ಕಾಲಂ ಇದೆ. ಹಿರಿಮಗಳು ಮೇರಿ 1879ರಲ್ಲಿ ಕಣ್ಣು ಕಳೆದುಕೊಂಡಿದ್ದರಿಂದ ಈ ಮನೆಯ ಸಾಲಿನಲ್ಲಿ ಆ ಕಾಲಂ ತಪ್ಪದೆ ನೋಡಬೇಕು. ವಯಸ್ಸನ್ನು ಗಣತಿದಾರ ಬಂದ ದಿನಕ್ಕಲ್ಲ, ಜೂನ್ 1ಕ್ಕೆ ಲೆಕ್ಕ ಹಾಕಬೇಕೆಂಬುದು ನಿಯಮ. ಚಾರ್ಲ್ಸ್ ಹುಟ್ಟಿದ್ದು 1836ರ ಜನವರಿ 10ರಂದು, ಹೆಂಡತಿ ಕ್ಯಾರೊಲಿನ್ 1839ರ ಡಿಸೆಂಬರ್ 12ರಂದು. ಹಾಗಾಗಿ 1850ರಿಂದ 1880ರವರೆಗೆ ಅವರ ವಯಸ್ಸು 14, 24, 34, 44 ಎಂದೂ ಅವಳದ್ದು 10, 20, 30, 40 ಎಂದೂ ಬರಬೇಕು. ಒಂದೆರಡು ವರ್ಷ ಆಚೀಚೆ ಆದರೆ ಗಾಬರಿ ಬೇಡ; ಬಾಗಿಲಲ್ಲಿ ಉತ್ತರ ಕೊಟ್ಟವರು ಯಾರೆಂದು ಹಾಳೆ ಹೇಳುವುದಿಲ್ಲ, ಎಷ್ಟೋ ಸಲ ಪಕ್ಕದ ಮನೆಯವರೇ ಹೇಳಿಬಿಡುತ್ತಿದ್ದರು.

ಈಗ ಮಕ್ಕಳ ಹುಟ್ಟಿದ ಜಾಗ ನೋಡಿ. ಮೇರಿ 1865ರಲ್ಲಿ, ಲಾರಾ 1867ರಲ್ಲಿ ವಿಸ್ಕಾನ್ಸಿನ್‌ನಲ್ಲಿ. ಕ್ಯಾರಿ 1870ರಲ್ಲಿ ಕಾನ್ಸಾಸ್‌ನಲ್ಲಿ. ಗ್ರೇಸ್ 1877ರಲ್ಲಿ ಅಯೋವಾದಲ್ಲಿ. ವಲಸೆ ಹುಡುಕುವವರೆಲ್ಲ ಮೊದಲು ಬಳಸುವುದು ಇದೇ ಕಾಲಂ, ಮೋಸ ಹೋಗುವುದೂ ಇಲ್ಲೇ. ಇದನ್ನು ನಂಬಿ ಗೆರೆ ಎಳೆದರೆ ವಿಸ್ಕಾನ್ಸಿನ್, ಕಾನ್ಸಾಸ್, ಅಯೋವಾ, ಡಕೋಟ ಎಂದು ನಾಲ್ಕು ನಿಲ್ದಾಣದ ಸಲೀಸಾದ ದಾರಿ ಆಗುತ್ತದೆ. ನಿಜವಾಗಿ ಅವರು ಕಾನ್ಸಾಸ್‌ಗೆ ಮುಂಚೆ ಮಿಸೌರಿಯಲ್ಲಿ ಜಮೀನಿಗೆ ಕೈಹಾಕಿದ್ದರು, ಕಾನ್ಸಾಸ್‌ನಿಂದ ವಿಸ್ಕಾನ್ಸಿನ್‌ಗೇ ಮರಳಿದರು, ಅಲ್ಲಿಂದ ಮಿನೆಸೊಟಾ, ಆಮೇಲೆ ಅಯೋವಾ, ಮತ್ತೆ ಮಿನೆಸೊಟಾ, ಕೊನೆಗೆ ಡಕೋಟ. ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಯಲ್ಲಿ ಈ ಹಿಂದುಮುಂದಿನ ಓಡಾಟ ಕಾಣುವುದೇ ಇಲ್ಲ.

ಡಿ ಸ್ಮೆಟ್‌ನಲ್ಲಿ ಇವರ ಜಮೀನು ಊರಿನ ಆಗ್ನೇಯಕ್ಕೆ ಇದೆ. ದಾಖಲೆಯ ಭಾಷೆಯಲ್ಲಿ ಅದು ಟೌನ್‌ಶಿಪ್ 110 ಉತ್ತರ, ರೇಂಜ್ 56 ಪಶ್ಚಿಮ, ಸೆಕ್ಷನ್ 3ರ ಈಶಾನ್ಯದ ಕಾಲುಭಾಗ. ನಮ್ಮ ಸರ್ವೆ ನಂಬರಿನಂತೆ ಇದು ಬೇಕಾಬಿಟ್ಟಿ ಬೆಳೆದದ್ದಲ್ಲ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರಲ್ಲಿ 640 ಎಕರೆಯ 36 ಸೆಕ್ಷನ್‌ಗಳು. ಒಂದು ಸೆಕ್ಷನ್‌ನ ಕಾಲುಭಾಗ 160 ಎಕರೆ, ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಂದು ಕುಟುಂಬಕ್ಕೆ ಸಿಗುತ್ತಿದ್ದಷ್ಟು. ನಂಬರು ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗುತ್ತದೆ, ಸಾಲಿನ ಕೊನೆಯಲ್ಲಿ ನೇಗಿಲೆತ್ತು ತಿರುಗುವಂತೆ ತಿರುಗಿ ಕೆಳಗಿನ ಸಾಲಿನಲ್ಲಿ ಪೂರ್ವಕ್ಕೆ ಬರುತ್ತದೆ. ಹಾಗಾಗಿ 3 ಎಂದರೆ ಮೇಲಿನ ಸಾಲಿನಲ್ಲಿ ಪೂರ್ವದಿಂದ ಮೂರನೆಯದು. ಈ ಲೆಕ್ಕ ಗೊತ್ತಿದ್ದರೆ ದಾರಿ ಕೇಳಬೇಕಿಲ್ಲ. ಸೆಕ್ಷನ್ ಗೆರೆಗಳ ಮೇಲೇ ಮೈಲಿಗೊಂದರಂತೆ ರಸ್ತೆ ಬಿದ್ದಿದೆ. ಚಾರ್ಲ್ಸ್ ನೆಟ್ಟ ಕಾಟನ್‌ವುಡ್ ಮರಗಳಲ್ಲಿ ಕೆಲವು ಬಯಲಿನ ಗಾಳಿಗೆ ಎದೆಯೊಡ್ಡಿ ಇನ್ನೂ ನಿಂತಿವೆ.

ಅವರು ಈ ಜಮೀನಿಗೆ ಅರ್ಜಿ ಹಾಕಿದ್ದು 1880ರ ಫೆಬ್ರವರಿ 19ರಂದು, ಅಂದರೆ ಗಣತಿಗೆ ಮೂರೂವರೆ ತಿಂಗಳು ಮುಂಚೆ. ಇದು ನೆನಪಿದ್ದರೆ ಆ ವರ್ಷದ ಕೃಷಿ ಪಟ್ಟಿಯಿಂದ ಹೆಚ್ಚು ನಿರೀಕ್ಷಿಸುವುದಿಲ್ಲ. 1850ರಿಂದ 1880ರವರೆಗೆ ಜನರ ಪಟ್ಟಿಯ ಜೊತೆಗೆ ಜಮೀನು, ದನಕರು, ಬೆಳೆ, ಬೆಣ್ಣೆ ಇವುಗಳ ಬೇರೆ ಪಟ್ಟಿಯೂ ಆಗುತ್ತಿತ್ತು. ಅದು ಕೇಳುವುದು ಹಿಂದಿನ ಹಂಗಾಮಿನ ಫಸಲನ್ನು. ಹೊಸದಾಗಿ ಬಂದು ಹುಲ್ಲುಗಾವಲು ಒಡೆಯುತ್ತಿರುವವನ ಬಳಿ ಹೇಳಲು ಫಸಲೇ ಇರುವುದಿಲ್ಲ. ಅಂಥವರಿಗೆ ಹೋಮ್‌ಸ್ಟೆಡ್ ಕಡತವೇ ಗತಿ. ಹಕ್ಕುಪತ್ರದ ನಂಬರನ್ನು ಅಮೆರಿಕದ ಭೂ ನಿರ್ವಹಣಾ ಇಲಾಖೆಯ ತಾಣದಲ್ಲಿ ಹೆಸರು ಹಾಕಿ ತೆಗೆಯಬೇಕು. ಆ ನಂಬರು ಕೊಟ್ಟರೆ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಿಂದ ಕಡತದ ನಕಲು ಸಿಗುತ್ತದೆ. ಯಾವತ್ತು ಬಂದು ನೆಲೆಸಿದರು, ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತರು, ಸಾಕ್ಷಿ ಹೇಳಿದ ನೆರೆಯವರು ಯಾರು ಎಲ್ಲವೂ ಅದರಲ್ಲಿರುತ್ತದೆ.

ಡಿ ಸ್ಮೆಟ್‌ನಿಂದ ಹೆದ್ದಾರಿ 14 ಹಿಡಿದು ಪೂರ್ವಕ್ಕೆ ನೂರು ಮೈಲಿಯ ಆಸುಪಾಸಿನಲ್ಲಿ ಮಿನೆಸೊಟಾದ ವಾಲ್ನಟ್ ಗ್ರೋವ್. ಪ್ಲಮ್ ಕ್ರೀಕ್ ಹೊಳೆಯ ದಂಡೆಯಲ್ಲಿ ಅವರಿದ್ದ ನೆಲಗುಡಿಸಲಿನ ಜಾಗ ಈಗ ಕುಸಿದ ಗುಂಡಿಯಷ್ಟೇ, ಖಾಸಗಿ ಜಮೀನಿನಲ್ಲಿದೆ. ಪ್ರವೇಶ ಶುಲ್ಕ ಕೊಟ್ಟು ನೋಡಬಹುದು. ಫೆಡರಲ್ ಗಣತಿಯ ಲೆಕ್ಕದಲ್ಲಿ ಈ ಕುಟುಂಬ ಇಲ್ಲಿ ಇರಲೇ ಇಲ್ಲ. 1874ರಲ್ಲಿ ಬಂದು, 1876ರಲ್ಲಿ ಹೋಗಿ, ಮತ್ತೆ ಬಂದು 1879ರಲ್ಲಿ ಬಿಟ್ಟರು. ಎಲ್ಲವೂ ಎರಡು ಗಣತಿಗಳ ಸಂದಿಯಲ್ಲಿ. ಇಂಥ ಕಡೆ ರಾಜ್ಯಗಳ ಗಣತಿ ಕೈಹಿಡಿಯುತ್ತದೆ. ಮಿನೆಸೊಟಾ 1865ರಿಂದ 1905ರವರೆಗೆ ಹತ್ತು ವರ್ಷಕ್ಕೊಮ್ಮೆ, ಐದಕ್ಕೆ ಕೊನೆಯಾಗುವ ವರ್ಷಗಳಲ್ಲಿ ತನ್ನದೇ ಗಣತಿ ಮಾಡಿದೆ. 1875ರದ್ದರಲ್ಲಿ ಮನೆಯವರೆಲ್ಲರ ಹೆಸರೂ ಇರುತ್ತದೆ. ಕಾನ್ಸಾಸ್ ಇನ್ನೂ ಜಾಣ: 1875ರಿಂದ ‘ಯಾವ ರಾಜ್ಯದಿಂದ ಅಥವಾ ದೇಶದಿಂದ ಕಾನ್ಸಾಸ್‌ಗೆ ಬಂದಿರಿ’ ಎಂದೇ ಕೇಳಿದೆ. ವಿಸ್ಕಾನ್ಸಿನ್‌ನ 1875ರ ಗಣತಿಯಲ್ಲಿ ಮಾತ್ರ ಯಜಮಾನನ ಹೆಸರು, ಉಳಿದವರದ್ದು ಬರೀ ತಲೆಲೆಕ್ಕ.

ಅವರು ಇಲ್ಲಿಂದ ಕಾಲ್ತೆಗೆದ ಕಾರಣ ಮಿಡತೆ. ರಾಕಿ ಪರ್ವತದ ಕಡೆಯಿಂದ ಬಂದ ಮಿಡತೆಯ ದಂಡು 1873ರಿಂದ 1877ರವರೆಗೆ ಈ ಭಾಗದ ಬೆಳೆ ತಿಂದು ಹಾಕಿತು. ಗಣತಿಯಲ್ಲಿ ಕಾರಣಕ್ಕೆ ಕಾಲಂ ಇಲ್ಲ. ಜಮೀನು ಮಾರಿದ ದಾಖಲೆ ಬೇಕಿದ್ದರೆ ಕೌಂಟಿ ಕೇಂದ್ರವಾದ ರೆಡ್‌ವುಡ್ ಫಾಲ್ಸ್‌ಗೆ ಹೋಗಬೇಕು. ಮಾರಿದವರ ಸೂಚಿ, ಕೊಂಡವರ ಸೂಚಿ ಬೇರೆಬೇರೆ ಪುಸ್ತಕ, ಎರಡನ್ನೂ ನೋಡಿ. ಮಾರಾಟದ ಪತ್ರದಲ್ಲಿ ಹೆಂಡತಿಯ ಹೆಸರು, ಪತ್ರಕ್ಕೆ ಸಹಿ ಹಾಕಿದ ಕೌಂಟಿ ಇರುತ್ತವೆ. ಕುಟುಂಬ ಆಗಲೇ ಬೇರೆ ಊರು ಸೇರಿತ್ತೇ ಎಂಬುದು ಈ ಕೊನೆಯ ವಿವರದಿಂದ ಗೊತ್ತಾಗುತ್ತದೆ.

ಈ ಸಂದಿಯಲ್ಲೇ ಒಂದು ಮಗು ಬಂದು ಹೋಗಿದೆ. ಚಾರ್ಲ್ಸ್ ಫ್ರೆಡರಿಕ್ ಹುಟ್ಟಿದ್ದು 1875ರ ನವೆಂಬರ್ 1ರಂದು ವಾಲ್ನಟ್ ಗ್ರೋವ್‌ನಲ್ಲಿ, ತೀರಿಕೊಂಡದ್ದು 1876ರ ಆಗಸ್ಟ್ 27ರಂದು, ಅಯೋವಾಗೆ ಹೋಗುವ ದಾರಿಯಲ್ಲಿ ಸೌತ್ ಟ್ರಾಯ್ ಬಳಿ. ರಾಜ್ಯದ 1875ರ ಗಣತಿ ಮೇ ತಿಂಗಳ ಲೆಕ್ಕದ್ದು, ಮಗು ಆಗ ಹುಟ್ಟಿರಲಿಲ್ಲ. ಫೆಡರಲ್ ಗಣತಿಯ ಸಾವಿನ ಪಟ್ಟಿ 1879ರ ಜೂನ್‌ನಿಂದ 1880ರ ಮೇವರೆಗಿನ ಸಾವುಗಳನ್ನು ಮಾತ್ರ ಬರೆದುಕೊಂಡಿತು. ಹಾಗಾಗಿ ಮನೆಯ ಒಬ್ಬನೇ ಗಂಡುಮಗ ಯಾವ ಪಟ್ಟಿಯಲ್ಲೂ ಇಲ್ಲ. ಸಮಾಧಿಯ ಗುರುತೂ ಸಿಕ್ಕಿಲ್ಲ. ಒಕ್ಕಲು ಮನೆಗಳ ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಕಂಡರೆ, ಅಲ್ಲಿ ಒಂದು ಮಗು ಇದ್ದಿರಬಹುದೇ ಎಂದು ಹುಡುಕಲೇಬೇಕು. ಇಲ್ಲಿ ಕ್ಯಾರಿಗೂ ಗ್ರೇಸ್‌ಗೂ ನಡುವೆ ಏಳು ವರ್ಷದ ಅಂತರವಿದೆ.

ಬರ್ ಓಕ್, ಅಯೋವಾ. ವಾಲ್ನಟ್ ಗ್ರೋವ್‌ನಿಂದ ಆಗ್ನೇಯಕ್ಕೆ ಇನ್ನೂರು ಮೈಲಿಯ ಆಸುಪಾಸು, ಮಿನೆಸೊಟಾ ಗಡಿ ದಾಟಿದೊಡನೆ ಸಿಗುವ ಸಣ್ಣ ಊರು. ಅವರು ಕೆಲಸ ಮಾಡಿದ ಮಾಸ್ಟರ್ಸ್ ಹೋಟೆಲ್ ಕಟ್ಟಡ ಉಳಿದುಕೊಂಡು ಮ್ಯೂಸಿಯಂ ಆಗಿದೆ. ಇಲ್ಲಿ ಜಮೀನಿಲ್ಲ, ಗಣತಿಯಿಲ್ಲ. ಗ್ರೇಸ್‌ಳ ಹುಟ್ಟಿದ ಜಾಗ ಒಂದೇ ಸಾಕ್ಷಿ. ಪಶ್ಚಿಮಕ್ಕೆ ಹೋಗುವವರು ಪೂರ್ವಕ್ಕೆ ತಿರುಗಿ ಬರುವುದಿಲ್ಲ ಎಂದು ಎಣಿಸುವವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು.

ಅಲ್ಲಿಂದ ಮಿಸಿಸಿಪ್ಪಿ ದಂಡೆಯ ದಾರಿಯಲ್ಲಿ ಉತ್ತರಕ್ಕೆ ವಿಸ್ಕಾನ್ಸಿನ್‌ನ ಪೆಪಿನ್. ಇಡೀ ಪ್ರಯಾಣದಲ್ಲಿ ಕಣ್ಣಿಗೆ ಹಿತವಾದ ತುಣುಕು ಇದು: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ ಅಗಲವಾಗಿ ಹರಡಿ ಆದ ಸರೋವರ. ಊರಿನಿಂದ ಏಳು ಮೈಲಿ ಆಚೆ ಮರದ ದಿಮ್ಮಿಯ ಮನೆಯ ಮಾದರಿ ಕಟ್ಟಿಟ್ಟಿದ್ದಾರೆ. 1863ರಲ್ಲಿ ಚಾರ್ಲ್ಸ್ ಮತ್ತು ಭಾವಮೈದ ಹೆನ್ರಿ ಕ್ವೈನರ್ ಸೇರಿ 160 ಎಕರೆ ಕೊಂಡದ್ದು, 1868ರಲ್ಲಿ ಗುಸ್ತಾಫ್ ಗುಸ್ತಾಫ್ಸನ್ ಎಂಬವರಿಗೆ ಕಂತಿನ ಮೇಲೆ ಮಾರಿದ್ದು ಕ್ರಯಪತ್ರಗಳಿಂದಲೇ ತಿಳಿಯುತ್ತದೆ. ಈ ಕೌಂಟಿಯ ಕೇಂದ್ರ ಡುರಾಂಡ್. ಅದೇ 1868ರಲ್ಲಿ ಮಿಸೌರಿಯ ಚಾರಿಟನ್ ಕೌಂಟಿಯಲ್ಲಿ ಜಮೀನು ಹಿಡಿದದ್ದೂ ಪತ್ರದಿಂದಲೇ ತಿಳಿದದ್ದು.

ಕಾನ್ಸಾಸ್ ಈ ದಾರಿಗೆ ಸೇರುವುದಿಲ್ಲ, ಬೇರೆಯಾಗಿ ಹೋಗಬೇಕು. ಓಕ್ಲಹೋಮಾದ ಟಲ್ಸಾದಲ್ಲಿ ಇಳಿಯುವುದು ಅನುಕೂಲ. 1870ರ ಹಾಳೆ ಮಾಂಟ್‌ಗೊಮರಿ ಕೌಂಟಿ, ರಟ್‌ಲೆಂಡ್ ಟೌನ್‌ಶಿಪ್‌ನದು. ಅಲ್ಲಿ ಹೆಸರು ಐ-ಎನ್-ಜಿ-ಎಲ್-ಇ-ಎಸ್ ಎಂದಿದೆ (ಸರಿಯಾದದ್ದು ಐ-ಎನ್-ಜಿ-ಎ-ಎಲ್-ಎಲ್-ಎಸ್), ಕಸುಬು ಬಡಗಿ. ಅಕ್ಷರ ಸರಿಯಾಗಿರಬೇಕೆಂದು ಹಟ ಹಿಡಿದು ಹುಡುಕಿದರೆ ಇವರು ಸಿಗುವುದೇ ಇಲ್ಲ. ಬರಹ ಬೇರೆಯಾದರೂ ಸದ್ದು ಒಂದೇ ಆದ ಹೆಸರುಗಳನ್ನು ಒಟ್ಟಿಗೆ ತರುವ ಸೌಂಡೆಕ್ಸ್ ಸಂಕೇತ ಹಾಕಿ ನೋಡಿ: ಮೊದಲ ಅಕ್ಷರ ಉಳಿಸಿ, ಸ್ವರ ಬಿಟ್ಟು, ಎನ್‌ಗೆ 5, ಜಿಗೆ 2, ಎಲ್‌ಗೆ 4. ಎರಡೂ ಬರಹಕ್ಕೆ ಬರುವುದು ಐ-524. ಆದರೆ ಸರ್ಕಾರ ಮಾಡಿಸಿದ ಸೌಂಡೆಕ್ಸ್ ಕಾರ್ಡುಗಳು 1880ರಿಂದ ಈಚಿನವು. ಅದರಲ್ಲೂ 1880ಕ್ಕೆ ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದ ಮನೆಗಳನ್ನು ಮಾತ್ರ ತೆಗೆದುಕೊಂಡರು. ಅದಕ್ಕೂ ಹಿಂದಿನ ವರ್ಷಗಳಿಗೆ ಹುಡುಕುವ ತಾಣದ ಸೌಲಭ್ಯವನ್ನೇ ನೆಚ್ಚಬೇಕು.

ಆ ಹಾಳೆಯಲ್ಲಿ ಜಮೀನಿನ ಬೆಲೆಯ ಕಾಲಂ ಖಾಲಿ. ಇವರಿಗೆ ಮಾತ್ರವಲ್ಲ, ಸುತ್ತಲಿನವರಿಗೂ. ಜಮೀನು ಓಸೇಜ್ ಎಂಬ ಮೂಲನಿವಾಸಿಗಳದ್ದು, ಬಂದು ಕೂತವರಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಗಣತಿದಾರ ಬರೆದಿಟ್ಟಿದ್ದಾನೆ. ಖಾಲಿ ಕಾಲಂ ಕಂಡೊಡನೆ ಬಡತನ ಎಂದು ಬರೆದುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಣತಿದಾರ ಬಂದದ್ದು ಆಗಸ್ಟ್‌ನಲ್ಲಿ. ಕ್ಯಾರಿ ಹುಟ್ಟಿದ್ದು ಆಗಸ್ಟ್ 3ಕ್ಕೆ. ಜೂನ್ 1ರ ನಂತರ ಹುಟ್ಟಿದವರನ್ನು ಬರೆಯಬಾರದೆಂಬುದು ನಿಯಮ, ತೊಟ್ಟಿಲು ಕಂಡಮೇಲೆ ಬರೆದುಕೊಂಡ ಗಣತಿದಾರರೂ ಉಂಟು. ಓಸೇಜರನ್ನು ತೆರವು ಮಾಡಿಸಿ ಎಕರೆಗೆ ಒಂದೂಕಾಲು ಡಾಲರಿನಂತೆ ಜಮೀನು ಮಾರುವ ಕಾಯ್ದೆ ಆಗಿದ್ದು ಅದೇ ಜುಲೈ 15ರಂದು. ಹಾಗಿದ್ದೂ ಇವರು 1871ರ ವಸಂತದಲ್ಲಿ ಹೊರಟರು. ಸರ್ಕಾರ ಒಕ್ಕಲೆಬ್ಬಿಸಿತು ಎಂಬ ಮಾತಿಗಿಂತ, ಗುಸ್ತಾಫ್ಸನ್ ಕಂತು ಕಟ್ಟಲಾರದೆ ಪೆಪಿನ್ ಜಮೀನು ವಾಪಸಾದದ್ದೇ ಹೆಚ್ಚು ಗಟ್ಟಿಯಾದ ಕಾರಣ.

ಮನೆಯಿದ್ದ ಜಾಗ ಇಂಡಿಪೆಂಡೆನ್ಸ್ ಪಟ್ಟಣದ ನೈಋತ್ಯಕ್ಕೆ ಸುಮಾರು 13 ಮೈಲಿ. ಮನೆಯವರ ನೆನಪಿನಲ್ಲಿ ಅದು 40 ಮೈಲಿ. ಅದನ್ನು ನಂಬಿದವರು ಓಕ್ಲಹೋಮಾದಲ್ಲೆಲ್ಲ ಹುಡುಕಿದರು. 1960ರ ದಶಕದ ಕೊನೆಗೆ ಸ್ಥಳೀಯ ಸಂಶೋಧಕಿಯೊಬ್ಬರು ಈ ಗಣತಿಯ ಹಾಳೆ ಮತ್ತು ಜಮೀನಿನ ದಾಖಲೆ ಎದುರಿಟ್ಟುಕೊಂಡು ಗುರುತು ಹಿಡಿದರು. ವಿಧಾನ ಯಾರಾದರೂ ಮಾಡಬಹುದಾದದ್ದು: ಗಣತಿದಾರ ಮನೆಯಿಂದ ಮನೆಗೆ ನಡೆದ ಕ್ರಮ ಹಾಳೆಯಲ್ಲಿದೆ, ಅಲ್ಲೇ ಉಳಿದು ಆಮೇಲೆ ಹಕ್ಕು ಪಡೆದ ನೆರೆಯವರ ಜಮೀನುಗಳನ್ನು ನಕಾಶೆಯಲ್ಲಿ ತುಂಬುತ್ತಾ ಹೋದರೆ, ಬಿಟ್ಟುಹೋದವರ ಜಾಗ ನಡುವೆ ಕಾಣುತ್ತದೆ. ಅದಕ್ಕೇ ಒಂದು ಹೆಸರು ಸಿಕ್ಕ ಕೂಡಲೇ ಹಿಂದಿನ ಐದು, ಮುಂದಿನ ಐದು ಪುಟ ಓದಬೇಕು. ಇದೇ ಟೌನ್‌ಶಿಪ್‌ನ ಪಟ್ಟಿಯಲ್ಲಿ ಕಪ್ಪು ವರ್ಣೀಯ ವೈದ್ಯ ಜಾರ್ಜ್ ಟ್ಯಾನ್ ಕೂಡ ಇದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ 1860ಕ್ಕೆ ವಿಸ್ಕಾನ್ಸಿನ್‌ನ ಕಾಂಕರ್ಡ್, 1850ಕ್ಕೆ ಇಲಿನಾಯ್‌ನ ಕೇನ್ ಕೌಂಟಿ. ಕಾಂಕರ್ಡ್‌ನಲ್ಲಿ ಇಂಗಲ್ಸ್ ಮತ್ತು ಕ್ವೈನರ್ ಮನೆಗಳ ನಡುವೆ ಮೂರು ಮದುವೆಗಳಾದವು, ಆಮೇಲೆ ಎಲ್ಲರೂ ಗುಂಪಾಗಿ ಪೆಪಿನ್ ಕಡೆ ಹೊರಟರು. ಒಬ್ಬರು ಕಣ್ಮರೆಯಾದರೆ ಬೀಗರನ್ನು ಹುಡುಕಿ, ಅವರ ಪಕ್ಕದಲ್ಲೇ ಸಿಗುತ್ತಾರೆ. 1850ರ ಹಾಳೆಯಲ್ಲಿ ಸಂಬಂಧದ ಕಾಲಂ ಇಲ್ಲ. ಕ್ಯಾರೊಲಿನ್‌ಳ ವಿಧವೆ ತಾಯಿ 1849ರಲ್ಲಿ ಫ್ರೆಡರಿಕ್ ಹೋಲ್‌ಬ್ರೂಕ್‌ರನ್ನು ಮದುವೆಯಾಗಿದ್ದರು. ಇಂಥ ಮನೆಗಳಲ್ಲಿ ಮೊದಲ ಗಂಡನ ಮಕ್ಕಳಿಗೂ ಮಲತಂದೆಯ ಹೆಸರೇ ಅಂಟಿಕೊಂಡಿರುವುದುಂಟು, ಎರಡೂ ಹೆಸರಿನಲ್ಲಿ ನೋಡಬೇಕು. ಆ ಕಾಲದ ಕೈಬರಹದಲ್ಲಿ ಜೋಡಿ ಎಸ್‌ನ ಮೊದಲನೆಯದು ಎಫ್‌ನಂತೆ ಕಾಣುವುದರಿಂದ ಸೂಚಿಯಲ್ಲಿ ಹೆಸರು ಕೆಟ್ಟಿರುತ್ತದೆ. 1850, 1860, 1870ರ ಹಾಳೆಗಳನ್ನು ಕೈಯಿಂದ ನಕಲು ಮಾಡಿ ಹಂಚುತ್ತಿದ್ದರು. ವಾಷಿಂಗ್ಟನ್ ಪ್ರತಿಯಲ್ಲಿ ಸಾಲು ತಪ್ಪಿದ್ದರೆ ಕೌಂಟಿಯ ಪ್ರತಿ ಉಳಿದಿದೆಯೇ ಎಂದು ವಿಚಾರಿಸಿ.

1840ಕ್ಕೆ ಚಾರ್ಲ್ಸ್ ಹುಟ್ಟೂರು, ನ್ಯೂಯಾರ್ಕ್ ರಾಜ್ಯದ ಕ್ಯೂಬಾ. ಅಲ್ಲಿಂದ ಹಿಂದಕ್ಕೆ ಹೆಸರುಗಳಿಲ್ಲ. ಯಜಮಾನನೊಬ್ಬನ ಹೆಸರು, ಉಳಿದವರು ವಯಸ್ಸಿನ ಕಾಲಂಗಳಲ್ಲಿ ಅಂಕಿಗಳು. ತಂದೆ ಲ್ಯಾನ್ಸ್‌ಫರ್ಡ್ ಹೆಸರಿನ ಸಾಲಿನಲ್ಲಿ, ಐದು ವರ್ಷದೊಳಗಿನ ಗಂಡುಮಕ್ಕಳ ಕಾಲಂನಲ್ಲಿ ನಾಲ್ಕು ವರ್ಷದ ಚಾರ್ಲ್ಸ್ ಸೇರಿಕೊಂಡಿರಬೇಕು. 1850ರ ಹೆಸರು ವಯಸ್ಸುಗಳಿಂದ ಹತ್ತು ಕಳೆದು ಒಂದು ಚೀಟಿ ಮಾಡಿಕೊಂಡು, ಕಾಲಂ ಕಾಲಂ ತಾಳೆ ನೋಡಿ. ಒಂದು ಅಂಕಿ ಹೆಚ್ಚಿದ್ದರೆ ಆಳೋ ಅಜ್ಜಿಯೋ ಇರಬಹುದು. 1850ಕ್ಕೆ ಹತ್ತು ವರ್ಷ ದಾಟಿದ್ದ ಮಗುವಿನ ಕಾಲಂನಲ್ಲಿ ಅಂಕಿ ಕಡಿಮೆ ಬಿದ್ದರೆ ಮಾತ್ರ ಬೇರೆ ಲ್ಯಾನ್ಸ್‌ಫರ್ಡ್ ಇದ್ದಾನೆಯೇ ಎಂದು ಪಕ್ಕದ ಪುಟ ತಿರುಗಿಸಿ. ಆ ಕೌಂಟಿಯ ಜಮೀನಿನ ಪುಸ್ತಕಗಳು ಬೆಲ್ಮಂಟ್‌ನಲ್ಲಿವೆ.