ಓಡಿಸುವುದೇ ಕಷ್ಟ: ಕಾಫಿ ಪಟ್ಟಿ, ಎಕ್ಸ್‌ಎಸ್‌ಎಲ್‌ಟಿ ಮತ್ತು ನಾನು

ಜನವರಿ ಬಂತೆಂದರೆ ಕುಶಾಲನಗರದ ನಮ್ಮ ಕ್ಯೂರಿಂಗ್ ವರ್ಕ್ಸ್ (ಕಾಫಿಯ ಸಿಪ್ಪೆ ತೆಗೆದು ಹದಮಾಡುವ ಕಾರ್ಖಾನೆ) ಗೇಟಿನಲ್ಲಿ ರೋಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಹೊತ್ತ ಪಿಕಪ್‌ಗಳ ಸಾಲು. ಸಂಜೆ ವೇಬ್ರಿಡ್ಜ್ ಕಂಪ್ಯೂಟರ್ ಆ ದಿನದ ಅಷ್ಟೂ ಲೋಡನ್ನು ಒಂದು ಎಕ್ಸ್‌ಎಂಎಲ್ (ಮಾಹಿತಿಗೆ ಹೆಸರಿನ ಟ್ಯಾಗ್ ಹಾಕಿ ಜೋಡಿಸಿಟ್ಟ) ಫೈಲಾಗಿ ಕೊಡುತ್ತದೆ. ಬೆಳೆಗಾರರ ಹೆಸರು, ಊರು, ಚೀಲ, ಕಿಲೋ, ಓ.ಟಿ. ಎಲ್ಲ ಅದರಲ್ಲಿರುತ್ತದೆ. ಓ.ಟಿ. (ಔಟ್‌ಟರ್ನ್) ಅಂದರೆ 50 ಕೆ.ಜಿ. ಚೆರಿಗೆ ಎಷ್ಟು ಕಿಲೋ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ತೆಗೆದ ಬೀಜ, ಸಿಗುತ್ತದೆ ಅನ್ನುವ ಲೆಕ್ಕ. ಚೀಲದ ದರ ನಿಲ್ಲುವುದೇ ಅದರ ಮೇಲೆ. ಇದನ್ನು ಬೆಳೆಗಾರವಾರು ಕೂಡಿಸಿ ಕನ್ನಡದಲ್ಲಿ ಪ್ರಿಂಟ್ ತೆಗೆಯುವುದು ನನ್ನ ಪಾಲಿನ ಕೆಲಸ.

ಹಿಂದೆ ಇದ್ದವರು ಒಂದು ಎಕ್ಸ್‌ಎಸ್‌ಎಲ್‌ಟಿ ಸ್ಟೈಲ್‌ಶೀಟ್ (ಎಕ್ಸ್‌ಎಂಎಲ್ ಫೈಲನ್ನು ಬೇಕಾದ ರೂಪಕ್ಕೆ ತಿರುಗಿಸುವ ಸೂಚನೆಗಳ ಫೈಲ್) ಬಿಟ್ಟು ಹೋಗಿದ್ದರು, ಯಾವುದರಲ್ಲಿ ಓಡಿಸಬೇಕೆಂದು ಮಾತ್ರ ಬರೆದಿರಲಿಲ್ಲ. ನನ್ನ ಉಬುಂಟು ಲ್ಯಾಪ್‌ಟಾಪಿನಲ್ಲಿ ಅಂಥ ಸೂಚನೆಗಳನ್ನು ಓಡಿಸುವ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎಂಬ ಪ್ರೋಗ್ರಾಂ ಇತ್ತು, ಅದರಲ್ಲೇ ಓಡಿಸಿದೆ. ಮೊದಲ ಸಲ ‘ಇದು ಸ್ಟೈಲ್‌ಶೀಟೇ ಅಲ್ಲ’ ಎಂದಿತು. ಅದಕ್ಕೆ ಸ್ಟೈಲ್‌ಶೀಟ್ ಮೊದಲು, ಡೇಟಾ ಫೈಲ್ ಆಮೇಲೆ ಕೊಡಬೇಕು. ನಾನು ತಿರುಗಾಮುರುಗಾ ಕೊಟ್ಟಿದ್ದೆ. ಸರಿಮಾಡಿದರೆ ಒಬ್ಬೊಬ್ಬ ಬೆಳೆಗಾರರ ಲೋಡುಗಳನ್ನು ಗುಂಪು ಕಟ್ಟುವ ಫಾರ್-ಈಚ್-ಗ್ರೂಪ್ ಆದೇಶ ಇದ್ದಲ್ಲಿ ಬಂದು ಮುಗ್ಗರಿಸಿತು. ಸ್ಟೈಲ್‌ಶೀಟಿನ ಮೊದಲ ಸಾಲಿನಲ್ಲೇ ವರ್ಷನ್ 2.0 ಎಂದಿತ್ತು, ನಾನು ನೋಡಿರಲಿಲ್ಲ. ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಗೊತ್ತಿರುವುದು 1999ರ ಎಕ್ಸ್‌ಎಸ್‌ಎಲ್‌ಟಿ 1.0 ಮತ್ತು ಒಂದಷ್ಟು ಎಕ್ಸ್‌ಟೆನ್ಷನ್ ಮಾತ್ರ. ಗುಂಪು ಕಟ್ಟುವ ಸೌಲಭ್ಯ ಬಂದದ್ದು 2007ರ 2.0ರಲ್ಲಿ.

1.0ರಲ್ಲಿ ಗುಂಪು ಕಟ್ಟಲು ಆಗುವುದೇ ಇಲ್ಲ ಎಂದಲ್ಲ. ಕೀ, ಜನರೇಟ್-ಐಡಿ ಎಂಬ ಎರಡು ಫಂಕ್ಷನ್ ಇಟ್ಟುಕೊಂಡು ಮ್ಯೂಂಚಿಯನ್ ಪದ್ಧತಿ ಅಂತ ಒಂದಿದೆ. ಎರಡು ಗಂಟೆ ಕೂತು ಬರೆದೆ, ಓಡಿತು ಕೂಡ. ಮಾರನೆಯ ವಾರ ತೆರೆದು ನೋಡಿದರೆ ನಾನು ಬರೆದದ್ದು ನನಗೇ ಅರ್ಥವಾಗಲಿಲ್ಲ. ಬಿಟ್ಟುಬಿಟ್ಟೆ. ಆಫೀಸಿನ ವಿಂಡೋಸ್ ಯಂತ್ರಕ್ಕೆ ಜಾವಾ ಹಾಕಿ, ಅದರ ಮೇಲೆ ಓಡುವ ಸ್ಯಾಕ್ಸನ್-ಎಚ್‌ಇ ಎಂಬ ಇನ್ನೊಂದು ಎಕ್ಸ್‌ಎಸ್‌ಎಲ್‌ಟಿ ಪ್ರೋಗ್ರಾಂ ತಂದೆ. ದುಡ್ಡು ಕೊಡಬೇಕಿಲ್ಲ, 3.0ರವರೆಗೂ ನಡೆಯುತ್ತದೆ. ಒಂದು ಎಚ್ಚರ: ಜಿಪ್‌ನಿಂದ ದೊಡ್ಡ ಜಾರ್ (ಜಾವಾ ಪ್ರೋಗ್ರಾಂ ಫೈಲ್) ಒಂದನ್ನೇ ಎತ್ತಿಕೊಂಡು ಬರಬೇಡಿ. 11ನೇ ಆವೃತ್ತಿಯಿಂದೀಚೆಗೆ ಲಿಬ್ ಫೋಲ್ಡರಿನಲ್ಲಿರುವ ರಿಸಾಲ್ವರ್ ಜಾರ್ ಕೂಡ ಜೊತೆಗಿರಬೇಕು.

ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎಂಟರ್ ಒತ್ತುವಷ್ಟರಲ್ಲಿ ಮುಗಿಸುತ್ತದೆ. ಸ್ಯಾಕ್ಸನ್‌ಗೆ ಪ್ರತಿ ಸಲ ಜಾವಾ ಎದ್ದು ಮೈಮುರಿಯುವುದನ್ನು ಕಾಯಬೇಕು. ಹಳೆಯ ಸೀಸನ್‌ನ ಪಟ್ಟಿಗಳನ್ನೆಲ್ಲ ಮತ್ತೆ ತೆಗೆಯುವಾಗ ಒಂದೊಂದೇ ಫೈಲ್ ಕೊಟ್ಟು ಬೇಸತ್ತೆ. ಆಮೇಲೆ ಗೊತ್ತಾಯಿತು, ಓದಬೇಕಾದ ಫೈಲ್ ಹೇಳುವ -ಎಸ್‌ಗೂ ಬರೆಯಬೇಕಾದ ಫೈಲ್ ಹೇಳುವ -ಓಗೂ ಫೈಲಿನ ಬದಲು ಫೋಲ್ಡರ್ ಹೆಸರು ಕೊಟ್ಟರೆ ಒಂದೇ ಏಟಿಗೆ ಅಷ್ಟನ್ನೂ ಮುಗಿಸುತ್ತದೆ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಪ್ರಿಂಟಿನಲ್ಲಿ ಅಂಕಿಗಳೆಲ್ಲ ಸರಿ, ಬೆಳೆಗಾರರ ಹೆಸರಿದ್ದ ಕಡೆ ಕಸ. ‘ಹಳೇ ನುಡಿ ಫಾಂಟ್ ಇರಬೇಕು ಸಾರ್’ ಎಂದ ಪಕ್ಕದ ಮೇಜಿನವ. ನಾನೂ ನಂಬಿದೆ. ಅರ್ಧ ದಿನ ಫಾಂಟ್ ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಕೆಳಗಿನ ಮೂಲೆಯಲ್ಲಿ ಯುಟಿಎಫ್-16 ಎಲ್‌ಇ ಎಂದು ಕಂಡಿತು, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಒಂದು ಪದ್ಧತಿ. ಸ್ಟೈಲ್‌ಶೀಟ್ ಹೇಳಿದ್ದು ಯುಟಿಎಫ್-8. ತಪ್ಪು ನನ್ನದೇ: ವಿಂಡೋಸಿನ ಕಮಾಂಡ್ ಕಿಟಕಿ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು (>) ಹಾಕಿ ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದ್ದೆ. ಅದು ಬಂದ ಬೈಟ್‌ಗಳನ್ನು ಹಾಗೇ ಇಳಿಸುವುದಿಲ್ಲ. ಕನ್ಸೋಲಿನ ಕೋಡ್‌ಪೇಜ್ (ಕನ್ನಡವಿಲ್ಲದ ಹಳೆಯ ಅಕ್ಷರಪಟ್ಟಿ) ಪ್ರಕಾರ ಓದಿಕೊಂಡು, ಯುಟಿಎಫ್-16ರಲ್ಲಿ ಬರೆಯುತ್ತದೆ. ಕನ್ನಡ ಮೊದಲ ಹೆಜ್ಜೆಯಲ್ಲೇ ಸತ್ತಿರುತ್ತದೆ. ಫೈಲನ್ನು ಸ್ಯಾಕ್ಸನ್ನೇ ಬರೆಯಲಿ ಎಂದು -ಓ ಕೊಟ್ಟೆ; ಹೆಸರುಗಳೆಲ್ಲ ವಾಪಸ್ ಬಂದವು.

ಅಲ್ಲಿಂದ ಎಲ್ಲವನ್ನೂ ಒಂದು ಬ್ಯಾಟ್ ಫೈಲಿಗೆ (ಆದೇಶಗಳನ್ನು ಒಂದರ ಮೇಲೊಂದು ಓಡಿಸುವ ಫೈಲ್) ಸೇರಿಸಿದೆ: ಪರಿವರ್ತಿಸು, ಪ್ರಿಂಟ್ ಮಾಡು. ಫೆಬ್ರವರಿಯ ಒಂದು ಸಂಜೆ ವೇಬ್ರಿಡ್ಜ್ ಕಂಪ್ಯೂಟರ್ ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋಗಿದೆ. ಫೈಲ್ ಅರ್ಧಕ್ಕೆ ತುಂಡು. ಸ್ಯಾಕ್ಸನ್ ದೋಷ ಹೇಳಿ ನಿಂತಿದೆ, ಆದರೆ ಬ್ಯಾಟ್ ಫೈಲಿಗೆ ಅದರ ಗೊಡವೆಯಿಲ್ಲ; ಅಲ್ಲೇ ಇದ್ದ ನಿನ್ನೆಯ ಪಟ್ಟಿಯನ್ನೇ ಪ್ರಿಂಟರಿಗೆ ಕಳಿಸಿದೆ. ಬೆಳಿಗ್ಗೆ ಸಿದ್ದಾಪುರ ಕಡೆಯ ತೋಟದ ಲೆಕ್ಕ ಬರೆಯುವ ರೈಟರ್ ಚೀಟಿ ಹಿಡಿದು ಬಂದರು. ‘ನಿನ್ನೆ ನಾವು ತಂದದ್ದು ನಲವತ್ತು ಚೀಲ. ಇದರಲ್ಲಿ ಇಪ್ಪತ್ತೆರಡು ಅಂತಿದೆಯಲ್ಲ? ಹದಿನೆಂಟು ಚೀಲ ಗೇಟಿನಲ್ಲೇ ಬಿತ್ತಾ?’

ಈಗ ಬ್ಯಾಟ್ ಫೈಲಿನ ಮೊದಲ ಸಾಲು ಹಳೆಯ ಪಟ್ಟಿಯನ್ನು ಅಳಿಸುತ್ತದೆ. ಸ್ಯಾಕ್ಸನ್ ಆದ ಮೇಲೆ ಎರರ್‌ಲೆವೆಲ್ (ಅದು ಬಿಟ್ಟುಹೋಗುವ ದೋಷದ ಅಂಕಿ) ಸೊನ್ನೆಯೇ ಎಂದು ನೋಡುತ್ತದೆ. ಅಲ್ಲದಿದ್ದರೆ ಪ್ರಿಂಟರ್ ಮುಟ್ಟದೆ ಪರದೆಯ ಮೇಲೆ ‘ಪಟ್ಟಿ ಆಗಿಲ್ಲ’ ಎಂದು ಬರೆದು ನಿಲ್ಲುತ್ತದೆ. ಆ ರೈಟರ್ ಮಾತ್ರ ಇವತ್ತಿಗೂ ಚೀಟಿ ಕೈಗೆ ಬಂದ ತಕ್ಷಣ ತಾರೀಕು ನೋಡಿ, ನನ್ನ ಮುಖ ನೋಡಿ, ಆಮೇಲೆ ಜೇಬಿಗೆ ಇಳಿಸುತ್ತಾರೆ.